ಎಲ್ಲ

ಪ್ರಬಂಧಕ್ಕೆ ಹೆಸರಿಟ್ಟಾಗಿದೆ:
‘ಎಲ್ಲ ಕೈಬರಹಕ್ಕೂ ಒಂದೇ ಕೀಲಿ’.
ಒಳಗಿರುವುದು ನಮ್ಮ ಹಾಸ್ಟೆಲಿನ
ನಲವತ್ತೊಂದು ಹುಡುಗಿಯರ ಅಂಕಿಗಳು,
ಅವರಲ್ಲಿ ಮೂವರು ನಾನೇ:
ಬಲಗೈ, ಎಡಗೈ, ಆತುರ.

ಶನಿವಾರ ಮಂಡ್ಯದಾಚೆ ಆಲೆಮನೆಯಲ್ಲಿ
ಚಿಕ್ಕಮರೀಗೌಡರ ತೂಕದ ಚೀಟಿಯನ್ನು
ಯಂತ್ರಕ್ಕೆ ತೋರಿಸಿದೆ.
ಬೆಲ್ಲದ ಜಿಡ್ಡು, ಅಂಚಿಗೆ ಹೆಬ್ಬೆರಳ ಗುರುತು.
ಅವರ ೭ ಅದಕ್ಕೆ ಆರು.
ಮತ್ತೆ ಹಿಡಿದರೆ, ಒಂಬತ್ತು.

ಗೌಡರು ನಕ್ಕರು:
‘ನನ್ ಏಳು ನಮ್ಮನೆಯೋಳ್ಗೇ ತಿಳಿಯಾಕಿಲ್ಲ ಕನವ್ವ.
ಆದ್ರೂ ಒಂದಚ್ಚು ಬೆಲ್ಲ ತಪ್ಪಿಲ್ಲ.’

ರಾತ್ರಿ ಹನ್ನೊಂದೂ ಮುಕ್ಕಾಲು.
‘ಎಲ್ಲ’ ಅಳಿಸಿದೆ.
ಓಲೆ ಬಿಚ್ಚಿಟ್ಟ ಕಿವಿಯ ಹಾಗೆ
ಹೆಸರು ಬೋಳು ಬೋಳು.
ಗೈಡ್ ಫೋನು: ‘ಕಳಿಸಿದೆಯೇನಮ್ಮ?’

ಮತ್ತೆ ತೊಡಿಸಿದೆ.
ಕಳಿಸಿದೆ.

ಎರಡು ಸಲ ಕೈ ತೊಳೆದೆ,
ಕೀಲಿಮಣೆ ಇನ್ನೂ ಅಂಟುತ್ತಿದೆ.