ಹಡಗು ಬರುವುದು ಜೂನಿಗೆ

ಭಾನುವಾರ, ಜನ ಇಗರ್ಜಿಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ
ಕಸದ ಗುಡ್ಡೆಯಿಂದ ಅದನ್ನು ಕಚ್ಚಿಕೊಂಡು ಬಂತು
ಹೆಂಡ್ರಿಕನ ಮರಿನಾಯಿ.
ಹಿಮದ ಮೇಲೆ ಎಳೆದಾಡಿತು, ಕೊಡವಿತು,
ಹತ್ತಿ ಎಸಳೆಸಳಾಗಿ ಹಾರಿತು.

ನಮ್ಮದು ಅರವತ್ತೆರಡು ಮಂದಿಯ ಊರು.
ಅಂಗಡಿ ಒಂದೇ, ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವಳು ನಾನೇ.
ಮೂರನೆಯ ಕಪಾಟಿನಿಂದ ಯಾರು ಯಾವ ಪೊಟ್ಟಣ ಒಯ್ಯುತ್ತಾರೆ,
ಯಾರ ತಿಂಗಳು ಎಂದು, ಯಾರದು ನಿಂತಿತು,
ಪಾದ್ರಿಗಿಂತ ಮುಂಚೆ ನನಗೆ ಗೊತ್ತು.
ನೇರಳೆ ಅಂಚಿನದನ್ನು ಒಯ್ಯುವವಳು ಊರಿಗೆಲ್ಲ ಒಬ್ಬಳೇ.
ನಾನು.

ಯಾರೂ ಏನೂ ಅನ್ನಲಿಲ್ಲ.
ಬಿಬಿಯಾನೆ ಮುದುಕಿ ಮಾತ್ರ ಕೈಗವಸು ಕಳಚಿ
ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡು ನಡೆದಳು,
ಬಿದ್ದ ಕರವಸ್ತ್ರ ಎತ್ತಿಕೊಂಡ ಹಾಗೆ.

ಇಲ್ಲಿಂದ ಯಾವುದೂ ಹೋಗುವುದಿಲ್ಲ.
ನೆಲವೆಲ್ಲ ಕಲ್ಲು, ಹೂಳಲಾಗದು.
ಮನೆಗೆ ಕೊಳಾಯಿಯಿಲ್ಲ. ಕಕ್ಕಸಿಗೆ ಬಕೆಟ್ಟು,
ಬಕೆಟ್ಟಿಗೆ ಹಳದಿ ಚೀಲ.
ಸುಟ್ಟದ್ದು ಅರ್ಧ ಬೆಂದು, ಹಿಮದಡಿ ಮಲಗಿ,
ಮೇ ತಿಂಗಳಲ್ಲಿ ಮೈಮುರಿದು ಏಳುತ್ತದೆ.

ತಂಗಿ ತುಕುಮ್ಮೆಕ್ ನೂಕ್‌ನಿಂದ ಅಂಚೆಯಲ್ಲಿ ಕಳಿಸಿದಳು
ಒಂದು ಬಟ್ಟಲು. ರಬ್ಬರಿನಂಥದು, ಬಾಲವಿರುವುದು.
ಮೊದಲ ದಿನ ಮಡಚಿದೆ,
ಪಟ್ಟನೆ ಬಿಚ್ಚಿಕೊಂಡು ಹಾರಿ ಒಲೆಯ ಹಿಂದೆ ಬಿತ್ತು.
ಎರಡನೆಯ ದಿನ ಒಳಗೆ ಹೋಯಿತು,
ಹೊರಗೆ ಬರಲೊಲ್ಲದು.
ಬೆವರಿ, ಅತ್ತು, ಫೋನು ಮಾಡಿದೆ.
ಎಳೀಬೇಡ ಕಣೇ, ಬುಡ ಹಿಂಡು, ಗಾಳಿ ಬಿಡಲಿ,
ಅಂದಳು ನಗುತ್ತ.
ಮೂವತ್ತೊಂಬತ್ತು ವರ್ಷ ಈ ಮನೆಯಲ್ಲಿ ಬಾಳಿದ್ದೇನೆ,
ಈ ಕೋಣೆಯ ದೀಪ ಹಾಕಿದ್ದು ಅಂದೇ.

ಬಟ್ಟಲಲ್ಲಿ ಗೆರೆಗಳಿವೆ. ಅಳೆದೆ.
ಇಷ್ಟೇನಾ?
ಐದು ದಿನದ್ದು ಕೂಡಿಸಿದರೂ
ಬಿಬಿಯಾನೆಯ ಕಾಫಿ ಕಪ್ಪು ತುಂಬದು.
ಇಷ್ಟಕ್ಕಾಗಿ ಡೆನ್ಮಾರ್ಕಿನಿಂದ ಅಷ್ಟು ಹತ್ತಿ,
ಅಷ್ಟು ಹಡಗು!

ಊಸಕ್ಕಾಕ್, ನನ್ನ ಗಂಡ, ಸೀಲ್ ಸೀಳುವುದು
ಅಡುಗೆಮನೆಯ ನೆಲದಲ್ಲೇ, ರಟ್ಟೆಯ ಮಟ್ಟ ಕೆಂಪು.
ಮಗು ಅದರಲ್ಲೇ ಕಾಲಿಟ್ಟು ಆಡುತ್ತದೆ,
ಯಾರೂ ಮುಖ ತಿರುಗಿಸುವುದಿಲ್ಲ.
ಒಂದು ಸಂಜೆ ಕಾಫಿಗೆ ನೀರೆಂದು ಮುಚ್ಚಳ ತೆಗೆದ,
ಕುದಿಯುತ್ತಿದ್ದ ಬಟ್ಟಲು ಕಂಡ,
ಮುಚ್ಚಿದ, ಸದ್ದಾಗದ ಹಾಗೆ.
ಆಗಲೇ ಉಂಡಿದ್ದ ನಾಯಿಗಳಿಗೆ
ಮತ್ತೆ ಉಣಿಸಲು ಹೋದ.

ನೀರು ಅಂದೆನಲ್ಲ, ಅವನೇ ತಂದದ್ದು ಅದನ್ನು,
ತೇಲುವ ಹಿಮಗುಡ್ಡದ ಚೂರು, ಕೊಡಲಿಯಲ್ಲಿ ಕಡಿದು.
ಕರಗುವಾಗ ಒಳಗೆ ಸಿಕ್ಕ ಹಳೆಯ ಗಾಳಿ
ಟಿಕ್ ಟಿಕ್ ಎಂದು ಬಿಡಿಸಿಕೊಳ್ಳುತ್ತದೆ.
ಐದು ನಿಮಿಷ ಅದನ್ನೇ ಕೇಳುತ್ತ ನಿಲ್ಲುತ್ತೇನೆ.

ಸೋರಿದ್ದೂ ಉಂಟು,
ಜಾರುಬಂಡಿಯ ಮೇಲೆ, ಹಾಲಿಬಟ್ ಮೀನಿಗೆ ಹೋದಾಗ.
ತಂಗಿಯನ್ನು ಬೈದೆ, ಬಟ್ಟಲನ್ನು ಬೈದೆ,
ಹಿಮದಲ್ಲಿ ಕೂತು ಸರಿಮಾಡಿಕೊಂಡೆ.
ಬಿಬಿಯಾನೆಗೆ ಹೇಳಿದರೆ,
ನನ್ನಜ್ಜಿಗೆ ಒಣಪಾಚಿಯಂತೆ,
ಅದನ್ನೂ ನಾಯಿ ಎಳೆಯುತ್ತಿತ್ತಂತೆ, ಅಂದಳು.

ಏಪ್ರಿಲ್. ಮೂರನೆಯ ಕಪಾಟು ಬರಿದು.
ಅದರ ಮುಂದೆ ಪಾನಿಂಗುವಾಕ್, ಹದಿನಾಲ್ಕರ ಹುಡುಗಿ,
ಬಿಸ್ಕತ್ತು ಹುಡುಕುವವಳಂತೆ ನಿಂತಿದ್ದಾಳೆ.
ಹಡಗು ಜೂನಿಗೆ, ಅಂದೆ.
ಗೊತ್ತು, ಅಂದಳು.
ಹಿಂದಿನ ಕೋಣೆಯಿಂದ ನನ್ನ ಪಾಲಿನ ಎರಡು ಪೊಟ್ಟಣ
ತಂದುಕೊಟ್ಟೆ, ನೇರಳೆ ಅಂಚಿನವು.
ದುಡ್ಡು ತೆಗೆದುಕೊಳ್ಳಲಿಲ್ಲ.
ಬಟ್ಟಲಿನ ಮಾತೆತ್ತಲಿಲ್ಲ. ಅವಳೇ ಕೇಳಲಿ, ಕೇಳಿದಾಗ.
ಬಾಗಿಲ ತನಕ ಹೋಗಿ ತಿರುಗಿ,
ನಿಮಗೆ? ಅಂದಳು.

ರಾತ್ರಿ ಸರಕಿನ ಪಟ್ಟಿ ಬರೆಯಲು ಕೂತೆ.
ಹಿಟ್ಟು, ಗುಂಡು, ಸೀಮೆಎಣ್ಣೆ, ಎಂದಿನಂತೆ.
ಪಾತ್ರೆ, ಸಣ್ಣದು, ಮುಚ್ಚಳವಿರುವುದು: ಒಂದು.
ಸ್ವಲ್ಪ ಹೊತ್ತು ನೋಡಿ
ಒಂದನ್ನು ಹೊಡೆದು
ನಾಲ್ಕು ಮಾಡಿದೆ.