ಮತ್ತೆ ಆರು

ಗುರುವಾರ ಸಂಜೆಯೇ ಟೇಪು ಎಣಿಸಿಡುತ್ತೇನೆ.
ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನಲವತ್ತು ಸುರುಳಿ,
ಕತ್ತರಿ, ವ್ಯಾಸಲೀನು, ಮೂಗಿಗೆ ತುರುಕುವ ಹತ್ತಿ.
ನಾನು ಈ ರಗ್ಬಿ ಕ್ಲಬ್ಬಿಗೆ ಬಂದ ವರ್ಷ
ಹದಿಮೂರು ಜನಕ್ಕೆ ಹನ್ನೆರಡು ಸುರುಳಿ ಸಾಕಾಗುತ್ತಿತ್ತು,
ಮಿಕ್ಕಿದ್ದನ್ನು ಚಹಾ ಕೋಣೆಯ ಒಡೆದ ಕಿಟಕಿಗೆ ಅಂಟಿಸುತ್ತಿದ್ದೆವು.

ಐರಿಶ್ ಸಮುದ್ರದ ಕಡೆಯಿಂದ ಗಾಳಿ.
ಮೈದಾನದಾಚೆ ಮುಚ್ಚಿದ ಗಣಿಯ ಗುಡ್ಡೆ, ಅದರ ಮೇಲೀಗ ಕುರಿ.
ಡೆಕ್ಲನ್ ಮಾಸಪ್ ಮೇಜಿನ ಮೇಲೆ ಕಾಲು ಚಾಚುತ್ತಾನೆ.
ಇಪ್ಪತ್ತೊಂದು ವರ್ಷ, ವಾರವೆಲ್ಲ ನಲ್ಲಿ ರಿಪೇರಿ,
ಮಂಡಿಯಲ್ಲಿ ಆಗಲೇ ಎರಡು ಹೊಲಿಗೆಯ ಗೆರೆ.
"ಬಿಗಿಯಾಗಿ ಸುತ್ತು, ಮಾರ್ಲೀನ್."
ಬಿಗಿಯಾದರೆ ರಕ್ತ ಓಡುವುದಿಲ್ಲ,
ಸಡಿಲಾದರೆ ಹುಡುಗ ಓಡುವುದಿಲ್ಲ.
ನಡುವೆ ಒಂದು ಬೆರಳು ತೂರುವಷ್ಟು ಜಾಗ,
ಅಷ್ಟೇ ನನ್ನ ವಿದ್ಯೆ.

ಮೊದಲೆಲ್ಲ ತಪ್ಪಾದರೆ ಸೀಟಿ.
ಸೀಟಿಯಾದರೆ ಆಟ ನಿಲ್ಲುತ್ತಿತ್ತು,
ನಾನು ನೀರಿನ ಬಾಟಲಿ ಹಿಡಿದು ಓಡುತ್ತಿದ್ದೆ,
ದಡೂತಿ ಗಂಡಸರು ಮಂಡಿಯ ಮೇಲೆ ಕೈಯೂರಿ
ಬೈಗುಳ ಹೊರಹಾಕಿ ಉಸಿರು ಒಳಗೆಳೆದುಕೊಳ್ಳುತ್ತಿದ್ದರು.
ಈಗ ರೆಫರಿ ಓಡುತ್ತಲೇ ಕೈ ಬೀಸುತ್ತಾನೆ:
ಮತ್ತೆ ಆರು.
ಆರು ಸಲ ಕೆಡವಬೇಕು, ಆರು ಸಲ ಏಳಬೇಕು,
ಹತ್ತು ಮೀಟರು ಹಿಂದೆ ಓಡಿ, ಹತ್ತು ಮುಂದೆ.
ಬೆವರು ಆರುವುದಿಲ್ಲ, ಬಾಯಿ ಆರುತ್ತದೆ,
ಹೋದ ವಾರದ ಹುಬ್ಬಿನ ಗಾಯ ಆರುವ ಮೊದಲೇ
ಮತ್ತೆ ಆರು.

ಸ್ಟ್ಯಾಂಡು ಕೂಗುತ್ತದೆ. ನಾನೂ ಕೂಗುತ್ತೇನೆ,
ಸುಳ್ಳು ಯಾಕೆ, ಚೆಂಡು ಹಾಗೆ ಕೈಯಿಂದ ಕೈಗೆ ಹರಿಯುವಾಗ
ಮೈಯೆಲ್ಲ ಜುಮ್ಮೆನ್ನುತ್ತದೆ.

ಆದರೆ ಅರವತ್ತೆಂಟನೇ ನಿಮಿಷ ನನಗೆ ಗೊತ್ತು.
ಭುಜ ಇಳಿಯುತ್ತದೆ. ಪಾದ ಅರ್ಧ ಹೆಜ್ಜೆ ತಡ.
ದಣಿದವನ ತಲೆ ತಪ್ಪು ಪಕ್ಕಕ್ಕೆ ಹೋಗುತ್ತದೆ,
ಸೊಂಟದ ಹಿಂದೆ ಅಡಗಬೇಕಾದ ಕಿವಿ
ಎದುರಾಳಿಯ ಮೊಣಕಾಲಿಗೆ ಸಿಗುತ್ತದೆ.
ಸದ್ದು ದೊಡ್ಡದೇನಲ್ಲ,
ಪಕ್ಕದ ಮನೆಯಲ್ಲಿ ಯಾರೋ ಬೀರು ಮುಚ್ಚಿದ ಹಾಗೆ.

ಮಾರ್ಚಿನಲ್ಲಿ ಯೂನಿವರ್ಸಿಟಿಯಿಂದ ರೊವೀನಾ ಎಂಬ ಹುಡುಗಿ ಬಂದಳು.
ನನ್ನ ನೋಟ್‌ಪುಸ್ತಕಗಳನ್ನೆಲ್ಲ ಹರಡಿಕೊಂಡು
ಮೂರು ಮಧ್ಯಾಹ್ನ ಲೆಕ್ಕ ಹಾಕಿದಳು.
ಏರಿದೆ ಎಂದಳು. ತೊಡೆಯ ಸ್ನಾಯು, ಮಂಡಿ, ತಲೆ.
ನಾನು ಹೇಳಲಿಲ್ಲವೇ ಎಂದೆ.
ಅವಳು ಪೆನ್ಸಿಲು ಕಚ್ಚಿದಳು:
"ಮೊದಲಿನ ಇಪ್ಪತ್ತು ವರ್ಷದಲ್ಲಿ ತಲೆ ಎಂಬ ಪದವೇ ಇಲ್ಲವಲ್ಲ?"

ಪುಟ ತಿರುವಿದೆ.
ಬೆರಳು, ಪಕ್ಕೆಲುಬು, ಹಲ್ಲು, ಹಲ್ಲು, ಹಿಮ್ಮಡಿ.
ಒಂದೇ ಒಂದು ಕಡೆ, ನನ್ನದೇ ಅಕ್ಷರ:
"ವಿಲ್ಫ್. ಸ್ವಲ್ಪ ಮಂಕು. ಆಡಿದ."

ವಿಲ್ಫ್ ನನ್ನ ಗಂಡ.
ನಿಧಾನದ ಕಾಲದಲ್ಲಿ ಆಡಿದವನು,
ಸೀಟಿಗೊಮ್ಮೆ ಉಸಿರು ಸಿಗುತ್ತಿದ್ದ ಕಾಲ.
ಮೂಗಿಗೆ ಘಾಟು ಉಪ್ಪು ಹಿಡಿದು, ಕೆನ್ನೆ ತಟ್ಟಿ
ಒಳಗೆ ಕಳಿಸಿದ ಕೈ ಇದೇ.
ಈಗ ಮೂರನೇ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದಾನೆ.
ಇಂದು ಯಾವ ವಾರ, ತಿಳಿಯದು.
ನಮ್ಮ ಮಗಳ ಹೆಸರು ಕೆಲವು ಬೆಳಿಗ್ಗೆ ಬರುತ್ತದೆ.

ರೊವೀನಾ ಕಾಗದ ಮಡಚಿಕೊಂಡು ಹೋದಳು.
ವೇಗ ಕೊಂದಿತೋ, ನಾವು ಈಗಷ್ಟೇ ಕಣ್ಣು ಬಿಟ್ಟೆವೋ,
ಇನ್ನೂ ಹತ್ತು ವರ್ಷದ ಲೆಕ್ಕ ಬೇಕಂತೆ.
ಡೆಕ್ಲನ್‌ನ ಮಂಡಿಗೆ ಈ ಶನಿವಾರವೇ ಬೇಕು.

ಒಂದು ವಿಷಯ ಮಾತ್ರ ವಿಲ್ಫ್ ಮರೆತಿಲ್ಲ:
ಬೆರಳು ಮಡಚಿ ಟ್ಯಾಕಲ್ ಎಣಿಸುತ್ತಾನೆ.
ಒಂದು, ಎರಡು, ಮೂರು, ನಾಲ್ಕು,
ಅಷ್ಟರಲ್ಲಿ ಅಲ್ಲಿ ಕೈ ಬೀಸಿತು, ಯಾರೂ ನಿಲ್ಲಲಿಲ್ಲ.
"ಐದಲ್ಲವೇ?" ಗಾಬರಿಯಿಂದ ನನ್ನತ್ತ ಕೂಗುತ್ತಾನೆ.
ಅಲ್ಲ ಮಾರಾಯ, ಮತ್ತೆ ಒಂದರಿಂದ.
ಬಾಟಲಿ ಹಿಡಿದು ಗೆರೆಯಂಚಿನಲ್ಲಿ ನಿಂತಿದ್ದೇನೆ, ಒಳಗೋಡಲು ಎಡೆಯಿಲ್ಲ.
ಅವನು ಮಡಚಿದ ಬೆರಳುಗಳನ್ನು
ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸುತ್ತಿದ್ದಾನೆ.