ತುದಿ

ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚುವವನು ನಾನು,
ನಲವತ್ತು ವರ್ಷ ಕುದಿನೀರಲ್ಲಿ ಬೆರಳು.
ಡಾಕ್ಟರು ಪರದೆ ತಿರುಗಿಸಿದರು:
ಬೂದುಬಣ್ಣದ ಗೂಡು, ಒಳಗೊಂದು ಮಚ್ಚೆ,
ಅಂಚಿಗೆ ಅಂಟಿದ ನರ, ಎಡಕ್ಕಿಷ್ಟು ಬಲಕ್ಕಿಷ್ಟು.
'ಕೇಳಿಸದ ಶಬ್ದದಿಂದ ಸುಡ್ತೀವಿ, ನೋಡ್ಕೊಂಡೇ.
ನರ ಹತ್ತಿರಾದರೆ ನಿಲ್ಲಿಸ್ತೀವಿ.'

ನಕ್ಕುಬಿಟ್ಟೆ.
ಹುಳ ಸಾಯಬೇಕು, ಎಳೆ ಉಳಿಯಬೇಕು:
ಇದನ್ನೇ ಅಲ್ಲವೆ ಮುಬೀನನಿಗೆ ಬೈದು ಬೈದು ಕಲಿಸಿದ್ದು?
ಬಿಸಿ ಒಂದಿಷ್ಟು ಹೆಚ್ಚಿದರೆ ನೂಲು ತುಂಡು.
ನಾನೇ ಎಷ್ಟು ಕೆಡಿಸಿದ್ದೇನೋ, ಲೆಕ್ಕವಿಲ್ಲ.
ಆಗ ನಗು ನಿಂತಿತು.

ಖಮರ್‌ಗೆ ಇದಿಷ್ಟೂ ಹೇಳಲಿಲ್ಲ.
ಕೊಳವೆ ತೆಗೆದ ಮೂರನೇ ವಾರ,
ಬೆಳಗಿನ ಬಾಂಗಿಗೂ ಮೊದಲು,
ಹೊಕ್ಕುಳ ಕೆಳಗೆಲ್ಲೋ
ಏನೋ ಜಗ್ಗಿದಂತಾಗಿ ಎಚ್ಚರ.
ಬಾಣಲೆಯಲ್ಲಿ ತೇಲುವ ತುದಿ ಬೆರಳಿಗೆ ತಾಗಿದಾಗ ಹೀಗೇ.

ಪಕ್ಕದಲ್ಲಿ ಅವಳ ಬಳೆಗೈ, ನಿದ್ದೆಯಲ್ಲಿ.
ಎಬ್ಬಿಸಲಿಲ್ಲ.
ಸಿಕ್ಕ ತುದಿಯನ್ನು ತಕ್ಷಣ ಎಳೆಯಬಾರದು.